ಜೀಪಿನ ಡಿಫರೆನ್ಷಿಯಲ್ ಗೇರು ಬದಲಾವಣೆ: ಹಿಂದೆ ಮುಂದೆ ಲೆಕ್ಕ ಒಂದೇ ಇರಬೇಕು

ಮಲೆನಾಡಿನ ಕಾಫಿ, ಏಲಕ್ಕಿ ಮತ್ತು ಅಡಿಕೆ ತೋಟಗಳಲ್ಲಿ ಫೋರ್ ವೀಲ್ ಜೀಪು ಬೇಸಾಯದ ಉಪಕರಣಗಳಲ್ಲಿ ಒಂದಾಗಿದೆ. ಗೊಬ್ಬರದ ಚೀಲ ಗುಡ್ಡದ ಮೇಲಕ್ಕೆ ಹೋಗಬೇಕಾದರೂ, ಹಣ್ಣಿನ ಮೂಟೆ ಕಣಕ್ಕೆ ಇಳಿಯಬೇಕಾದರೂ, ಮಳೆಗಾಲದಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೂ ಅದೇ ಗತಿ. ಇಂತಹ ವಾಹನಗಳಲ್ಲಿ ಬಹುಪಾಲು ಹಳೆಯವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಅದೇ ವಂಶದ ವಾಹನಗಳು ಹಲವು ದಶಕಗಳ ಕಾಲ ತಯಾರಾದವು. 1985ರ ಡಿಸೆಂಬರಿನಲ್ಲಿ ಬಂದ ಮಾರುತಿ ಜಿಪ್ಸಿಯ ಮಾರಾಟ ಸಾರ್ವಜನಿಕರಿಗೆ 2019ರ ವೇಳೆಗೆ ನಿಂತುಹೋಯಿತು. ಹೀಗಾಗಿ ಇದ್ದ ವಾಹನವನ್ನೇ ದುರಸ್ತಿ ಮಾಡಿಕೊಂಡು, ಗುಜರಿಯಿಂದ ಭಾಗಗಳನ್ನು ತಂದು ಹಾಕಿಕೊಂಡು ನಡೆಸುವುದು ಅನಿವಾರ್ಯವಾಗಿದೆ.

ಈ ದುರಸ್ತಿಗಳಲ್ಲಿ ಅತ್ಯಂತ ಎಚ್ಚರಿಕೆ ಬೇಡುವುದು ಡಿಫರೆನ್ಷಿಯಲ್‌ನ ಕ್ರೌನ್ ವೀಲು ಮತ್ತು ಪಿನಿಯನ್ ಬದಲಾವಣೆ. ಮೂಲದ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದವರು ಸಾಮಾನ್ಯವಾಗಿ ಇದಕ್ಕೆ ಕೈಹಾಕುತ್ತಾರೆ. ಹಲ್ಲು ಮುರಿದು ಬೇರೆ ಸೆಟ್ಟು ಹುಡುಕುವವರೂ ಇದ್ದಾರೆ. ಕೆಲಸ ಕೆಟ್ಟರೆ ಮೊದಲ ದಿನವೇ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಹಿಂದಿನ ಎರಡು ಚಕ್ರದ ಚಾಲನೆಯಲ್ಲಿ ಓಡಿಸುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜೂನ್ ತಿಂಗಳಲ್ಲಿ ಕೆಸರಿನ ಏರಿನಲ್ಲಿ, ಹಿಂದೆ ಆಳುಗಳೂ ಮೂಟೆಯೂ ತುಂಬಿರುವಾಗ, ನಾಲ್ಕು ಚಕ್ರದ ಲಿವರ್ ಎಳೆದ ಮೇಲೆ ತಪ್ಪು ಹೊರಬೀಳುತ್ತದೆ.

ಅನುಪಾತ ಎಂದರೇನು?

ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಹಲ್ಲುಚಕ್ರವೇ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರವೇ ಕ್ರೌನ್ ವೀಲು. ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವುದು ಅನುಪಾತ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಕ್ರೌನ್ ವೀಲಿಗೆ 39, ಪಿನಿಯನ್‌ಗೆ 8 ಹಲ್ಲು, ಅನುಪಾತ 4.875. ನಂತರ ಬಂದ ನಾಗರಿಕರ ಮಾದರಿ ಸಿಜೆ 3ಬಿ ಜೀಪಿನಲ್ಲಿ 43 ಮತ್ತು 8, ಅನುಪಾತ 5.375. ಅನುಪಾತ ಹೆಚ್ಚಾದಷ್ಟೂ ಎಳೆಯುವ ಶಕ್ತಿ ಹೆಚ್ಚು, ವೇಗ ಕಡಿಮೆ. ಅನುಪಾತ ಇಳಿದಷ್ಟೂ ವೇಗ ಹೆಚ್ಚು, ಎಳೆತ ಕಡಿಮೆ. ಸುಜುಕಿಯಲ್ಲಿಯೂ ಇದೇ ಬಗೆಯ ವ್ಯತ್ಯಾಸವಿದೆ. ನಮ್ಮ ಜಿಪ್ಸಿಗೆ ಮೂಲವಾದ ಎಸ್‌ಜೆ 410ರಲ್ಲಿ ಹಲ್ಲುಗಳು 37 ಮತ್ತು 9. ಅಮೆರಿಕದಲ್ಲಿ ಮಾರಾಟವಾದ 1.3 ಲೀಟರ್ ಸಮುರಾಯ್‌ನಲ್ಲಿ 41 ಮತ್ತು 11. ದೊಡ್ಡ ಟೈರು ಹಾಕಿದ ಸಮುರಾಯ್ ಮಾಲೀಕರು ಕಳೆದುಹೋದ ಎಳೆತ ಮರಳಿ ಪಡೆಯಲು ಎಸ್‌ಜೆ 410ರ ಡಿಫರೆನ್ಷಿಯಲ್ ಹುಡುಕಿ ಹಾಕಿಕೊಳ್ಳುವುದುಂಟು.

ಒಂದು ಲೆಕ್ಕ ನೋಡೋಣ. ಜೀಪಿನ ಚಕ್ರ ಒಂದು ಸುತ್ತಿಗೆ 2.15 ಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳಬೇಕು. (ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ವಾಹನವನ್ನು ಒಂದು ಸುತ್ತು ತಳ್ಳಿ, ನೆಲದ ಮೇಲೆ ಅಳೆದುಕೊಂಡರೆ ತಮ್ಮ ವಾಹನದ ಅಳತೆ ಸಿಕ್ಕುತ್ತದೆ.) ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ 5.375 ಅನುಪಾತದಲ್ಲಿ ವೇಗ ಗಂಟೆಗೆ 48 ಕಿಲೋಮೀಟರ್. ಅದೇ ಸುತ್ತಿನಲ್ಲಿ 4.875 ಅನುಪಾತದಲ್ಲಿ 53 ಕಿಲೋಮೀಟರ್. ಪೆಟ್ರೋಲ್ ಎಂಜಿನ್ 3,000 ಸುತ್ತು ತಿರುಗಿ 72 ಕಿಲೋಮೀಟರ್ ವೇಗ ಕೊಡುತ್ತದೆ. ಆದರೆ ನಿಧಾನವಾಗಿ ತಿರುಗಬೇಕಾದ ಹಳೆಯ ಡೀಸೆಲ್ ಎಂಜಿನ್‌ಗೆ ಅಷ್ಟು ಸುತ್ತು ಸಾಧ್ಯವಿಲ್ಲ. ಡೀಸೆಲ್ ಜೀಪು ಟಾರು ರಸ್ತೆಯಲ್ಲಿ 50ರ ಮೇಲೆ ಹೋಗುವಾಗ ಅರಚಿಕೊಳ್ಳುವುದು ಇದರಿಂದಲೇ.

ಹಾಗಾದರೆ ಎಲ್ಲರೂ 39-8ರ ಸೆಟ್ಟು ಹಾಕಿಸಿಕೊಳ್ಳಬಹುದೇ? ಇಳಿಜಾರಿನ ಲೆಕ್ಕವನ್ನೂ ನೋಡಬೇಕು. ಸಿಜೆ 3ಬಿ ಜೀಪಿನ ಮೊದಲ ಗೇರಿನ ಅನುಪಾತ 2.798, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46. ಇವೆರಡನ್ನೂ 5.375ರಿಂದ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 4.875 ಹಾಕಿದರೆ ಇದು 33.5ಕ್ಕೆ ಇಳಿಯುತ್ತದೆ. ಏರಿನಲ್ಲಿ ಹತ್ತರಲ್ಲಿ ಒಂದು ಪಾಲು ಎಳೆತ ಕಡಿಮೆಯಾದರೆ ಕ್ಲಚ್ಚು ಸವೆಯುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಕಡಿಮೆಯಾಗಿ ಬ್ರೇಕಿನ ಮೇಲೆ ಹೊರೆ ಬೀಳುತ್ತದೆ. ತೋಟದೊಳಗೆ ಮಾತ್ರ ಓಡುವ ಪೆಟ್ರೋಲ್ ಜೀಪಿಗೆ ಮೂಲದ 43-8 ಸೆಟ್ಟೇ ಒಳ್ಳೆಯದು. ಅದನ್ನು ಮುಟ್ಟಬೇಕಾದ ಕಾರಣವಿಲ್ಲ. ಡೀಸೆಲ್ ಎಂಜಿನ್ ಹಾಕಿಕೊಂಡು ದಿನವೂ ಪೇಟೆಗೆ ಓಡಾಡುವವರು ಯೋಚಿಸಬಹುದು.

ಅದಕ್ಕೂ ಮೊದಲು ಟೈರಿನ ಕಡೆ ನೋಡುವುದು ಜಾಣತನ. 6.00-16 ಟೈರಿನ ಬದಲು 7.00-16 ಹಾಕಿದರೆ ಚಕ್ರದ ಸುತ್ತಳತೆ ನೂರಕ್ಕೆ ಸುಮಾರು ಎಂಟು ಹೆಚ್ಚುತ್ತದೆ. ಅಂದರೆ ಗೇರು ಬಿಚ್ಚದೆಯೇ 5.375ರ ಜೀಪು 5ರ ಅನುಪಾತದ ಜೀಪಿನಂತೆ ನಡೆಯುತ್ತದೆ. ದೊಡ್ಡ ಟೈರನ್ನೂ ಹಾಕಿ 39-8 ಸೆಟ್ಟನ್ನೂ ಹಾಕಿದರೆ ಎರಡರ ಪರಿಣಾಮವೂ ಒಂದೇ ದಿಕ್ಕಿಗೆ ಸೇರಿ ಜೀಪು ಏರಿನಲ್ಲಿ ಮುಗ್ಗರಿಸುತ್ತದೆ.

ಒಂದೇ ಕಡೆ ಬದಲಾಯಿಸಿದರೆ

ಹಿಂದಿನ ಆಕ್ಸಲ್‌ಗೆ ಮಾತ್ರ 4.875 ಹಾಕಿ ಮುಂದೆ 5.375 ಉಳಿಸಿದರೆ ಏನಾಗುತ್ತದೆ? ಈ ವಾಹನಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದೆ ಮುಂದೆ ವೇಗ ಹಂಚುವ ಡಿಫರೆನ್ಷಿಯಲ್ ಇಲ್ಲ. ನಾಲ್ಕು ಚಕ್ರದ ಚಾಲನೆಗೆ ಹಾಕಿದ ಕೂಡಲೇ ಎರಡೂ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದಿನ ಚಕ್ರಗಳು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಮುಂದಿನವು ಸುಮಾರು 900 ಮೀಟರ್ ಮಾತ್ರ ಉರುಳಬಲ್ಲವು. ಉಳಿದ ದೂರವನ್ನು ಯಾವುದಾದರೂ ಟೈರು ಉಜ್ಜಿಕೊಂಡೇ ಸಾಗಬೇಕು.

ಸಡಿಲ ಕೆಸರಿನಲ್ಲಿ ಟೈರು ಜಾರಿ ಹೇಗೋ ನಡೆಯುತ್ತದೆ, ಆದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕಲ್ಲು ಅಥವಾ ಟಾರಿನ ಮೇಲೆ ಜಾರಲು ಅವಕಾಶವಿಲ್ಲದೆ ತಿರುಚುವ ಬಲ ಶಾಫ್ಟುಗಳಲ್ಲಿ ತುಂಬಿಕೊಳ್ಳುತ್ತದೆ. ಆಗ ಮೊದಲು ಮುರಿಯುವುದು ಜಾಯಿಂಟ್ ಕ್ರಾಸೋ, ಮುಂದಿನ ಆಕ್ಸಲ್ ಶಾಫ್ಟೋ, ಟ್ರಾನ್ಸ್‌ಫರ್ ಕೇಸಿನ ಹಲ್ಲೋ ಹೇಳುವುದು ಕಷ್ಟ. ಲಿವರ್ ಬಿಗಿದುಕೊಂಡು ಹಿಂದಕ್ಕೆ ಬರಲು ನಿರಾಕರಿಸುವುದು ಮುನ್ಸೂಚನೆ. ಸೆಟ್ಟು ದುಬಾರಿಯೆಂದು "ಈಗ ಹಿಂದಿನದು ಮಾಡಿಸೋಣ, ಮುಂದಿನದು ಮುಂದಿನ ಫಸಲಿಗೆ" ಎನ್ನುವವರು ಇದ್ದಾರೆ. ಹಾಗೆ ಮಾಡಲೇಬೇಕಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಮನೆಯಲ್ಲಿಡಬೇಕು. ಲಿವರ್ ಮುಟ್ಟಬೇಡ ಎಂದು ಡ್ರೈವರನಿಗೆ ಹೇಳಿದರೆ ಸಾಲದು. ಮಳೆಯಲ್ಲಿ ಜೀಪು ಹೂತಾಗ ಯಾರೂ ಅದನ್ನು ನೆನಪಿಡುವುದಿಲ್ಲ.

ಬಿಚ್ಚದೆ ಎಣಿಸುವ ವಿಧಾನ

ಸೆಕೆಂಡ್ ಹ್ಯಾಂಡ್ ಜೀಪು ಕೊಂಡವರು ಈ ಎಣಿಕೆಯನ್ನು ಮೊದಲ ದಿನವೇ ಮಾಡುವುದು ಲೇಸು. ಹಿಂದಿನ ಯಜಮಾನ ಏನು ಹಾಕಿಸಿದ್ದಾನೋ ತಿಳಿಯದು. ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ್ದ ಅನುಪಾತದ ತಗಡು ಸಾಮಾನ್ಯವಾಗಿ ಕಳೆದುಹೋಗಿರುತ್ತದೆ.

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತದ ಚಕ್ರಗಳ ಹಿಂದೆ ಮುಂದೆ ಮರದ ಅಡ್ಡಗಳನ್ನು ಬಿಗಿಯಾಗಿ ಇಡಬೇಕು. ಇಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಆ ಚಕ್ರ ಬಿಡುವಾಗಿ ತಿರುಗುತ್ತದೆ, ನೆಲದ ಮೇಲಿನ ಚಕ್ರವೂ ಉರುಳಬಲ್ಲದು. ಹ್ಯಾಂಡ್ ಬ್ರೇಕು ಎಷ್ಟೇ ಬಿಗಿದಿದ್ದರೂ ಜೀಪು ಜಾಕಿನಿಂದ ಜಾರಿ ಕೆಳಗಿದ್ದವನ ಮೇಲೆ ಬೀಳಬಹುದು. ಅಡ್ಡ ಇಡದೆ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡು ಕೊಡದೆ ಯಾರೂ ಅಡಿಗೆ ಹೋಗಕೂಡದು. ಟೊಳ್ಳು ಸಿಮೆಂಟ್ ಇಟ್ಟಿಗೆ ಈ ಕೆಲಸಕ್ಕೆ ಬರುವುದಿಲ್ಲ; ಭಾರ ಬಿದ್ದರೆ ಒಮ್ಮೆಗೇ ಪುಡಿಯಾಗುತ್ತದೆ.

ಗೇರು ನ್ಯೂಟ್ರಲ್‌ನಲ್ಲಿ, ಟ್ರಾನ್ಸ್‌ಫರ್ ಲಿವರ್ ಎರಡು ಚಕ್ರದ ಚಾಲನೆಯಲ್ಲಿ ಇರಲಿ. ಅಡ್ಡಗಳನ್ನು ಇಟ್ಟ ಮೇಲೆ ಹ್ಯಾಂಡ್ ಬ್ರೇಕು ಬಿಡಬೇಕು. ಹಿಂದಿನ ಒಂದೇ ಚಕ್ರವನ್ನು ಎತ್ತಿ, ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗುರುತು ಹಾಕಿ, ಚಕ್ರವನ್ನು ಕೈಯಿಂದ ಸರಿಯಾಗಿ 20 ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನಿಂತಿರುವುದರಿಂದ ಕ್ರೌನ್ ವೀಲು ಅರ್ಧದಷ್ಟು, ಅಂದರೆ 10 ಸುತ್ತು ತಿರುಗುತ್ತದೆ. ಶಾಫ್ಟು 53 ಮುಕ್ಕಾಲು ಸುತ್ತಿದರೆ 43-8 ಸೆಟ್ಟು. 48 ಮುಕ್ಕಾಲು ಸುತ್ತಿದರೆ 39-8. ಮುಂದಿನ ಆಕ್ಸಲ್‌ನಲ್ಲಿಯೂ ಹೀಗೆಯೇ ಎಣಿಸಬೇಕು. ಮುಂದಿನ ಚಕ್ರಗಳಿಗೆ ಬಿಡಿಸುವ ಹಬ್ಬು ಹಾಕಿದ್ದರೆ ಎಣಿಸುವಾಗ ಅವನ್ನು ಲಾಕ್ ಮಾಡಿರಬೇಕು. ಒಬ್ಬರು ಚಕ್ರ ತಿರುಗಿಸಿ ಇನ್ನೊಬ್ಬರು ಶಾಫ್ಟು ಎಣಿಸಿದರೆ ತಪ್ಪಾಗುವುದಿಲ್ಲ.

ಜಿಪ್ಸಿಯ ರೀತಿ, ಜೀಪಿನ ರೀತಿ

ಜಿಪ್ಸಿಯಂತಹ ಸುಜುಕಿ ವಾಹನದಲ್ಲಿ ಕ್ರೌನ್ ವೀಲು, ಪಿನಿಯನ್, ಬೇರಿಂಗುಗಳೆಲ್ಲ ಒಂದು ಬೀಡಿನ ತುಂಡಿನಲ್ಲಿ ಕೂತು, ಆ ತುಂಡು ಆಕ್ಸಲ್ ಹೌಸಿಂಗಿಗೆ ಸುತ್ತಲೂ ನಟ್ಟುಗಳಿಂದ ಬಿಗಿದಿರುತ್ತದೆ. ಎಣ್ಣೆ ಇಳಿಸಿ, ಪ್ರೊಪೆಲ್ಲರ್ ಶಾಫ್ಟು ಬಿಚ್ಚಿ, ಆಕ್ಸಲ್ ಶಾಫ್ಟುಗಳನ್ನು ಡಿಫರೆನ್ಷಿಯಲ್‌ನಿಂದ ಬಿಡಿಸುವಷ್ಟು ಹೊರಗೆಳೆದರೆ ಇಡೀ ತುಂಡು ಹೊರಬರುತ್ತದೆ. ಇನ್ನೊಂದು ವಾಹನದಿಂದ ಬಂದ ಸುಸ್ಥಿತಿಯ ತುಂಡನ್ನು ಒಳಗಿನ ಹೊಂದಾಣಿಕೆ ಕೆಡಿಸದೆ ಹಾಗೆಯೇ ಕೂರಿಸಬಹುದು. ಆಕ್ಸಲ್ ಶಾಫ್ಟಿನ ತುದಿಯ ಗೀರುಹಲ್ಲುಗಳ ಸಂಖ್ಯೆ ಹೊಸ ತುಂಡಿನ ಒಳಗಿನ ಗೇರಿಗೆ ಸರಿಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ಎಣಿಸಬೇಕು. ಗುಜರಿಯಲ್ಲಿ ಕೊಳ್ಳುವುದಾದರೆ ಹಿಂದಿನದು, ಮುಂದಿನದು ಎರಡನ್ನೂ ಒಂದೇ ವಾಹನದಿಂದ ಕೊಳ್ಳುವುದು ಉತ್ತಮ. ಹಳ್ಳಿಯ ಮೆಕ್ಯಾನಿಕ್ ಧೈರ್ಯವಾಗಿ ಮಾಡಬಹುದಾದ ಕೆಲಸ ಇದು.

ಜೀಪಿನಲ್ಲಿ ಇಂತಹ ಅನುಕೂಲವಿಲ್ಲ. ಹೌಸಿಂಗಿನ ಒಳಗೇ ಎಲ್ಲವನ್ನೂ ಒಂದೊಂದಾಗಿ ಕೂರಿಸಿ ಹೊಂದಿಸಬೇಕು. ಮುಂದಿನ ಆಕ್ಸಲ್‌ನ ಕ್ರೌನ್ ವೀಲು ಹಿಂದಿನದಕ್ಕಿಂತ ಚಿಕ್ಕದಾದ ಕಾರಣ ಎರಡು ಬೇರೆ ಬೇರೆ ಸೆಟ್ಟು ಬೇಕು. ಹಲ್ಲಿನ ಸಂಖ್ಯೆ ಮಾತ್ರ ಒಂದೇ ಇರಬೇಕು.

ಮೊದಲು ವಾಹನವನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಇಳಿಸಬೇಕು. ಹಳೆಯ ಜೀಪಿನ ಹಿಂದಿನ ಹಬ್ಬು ಶಾಫ್ಟಿನ ಮೊನಚು ತುದಿಯ ಮೇಲೆ ಬಿಗಿಯಾಗಿ ಕೂತಿರುತ್ತದೆ. ಅದಕ್ಕೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಬಡಿದರೆ ಡ್ರಮ್ಮು ಬಾಗುತ್ತದೆ, ಬೇರಿಂಗು ಹಾಳಾಗುತ್ತದೆ. ಶಾಫ್ಟುಗಳನ್ನು ಎಳೆದು, ಮುಚ್ಚಳ ತೆಗೆದ ಮೇಲೆ ಕಾಣುವ ಎರಡು ಬೇರಿಂಗ್ ಕ್ಯಾಪುಗಳಿಗೆ ಬಿಚ್ಚುವ ಮೊದಲೇ ಚುಕ್ಕೆ ಗುರುತು ಹಾಕಬೇಕು. ಎಡದ ಕ್ಯಾಪು ಬಲಕ್ಕೆ, ಮೇಲುಮುಖ ಕೆಳಕ್ಕೆ ಆಗಕೂಡದು. ಅವು ಹೌಸಿಂಗಿನ ಜೊತೆಯಲ್ಲೇ ಕೊರೆದವು. ಬೇರಿಂಗುಗಳ ಹಿಂದೆ ಸಿಕ್ಕುವ ತೆಳು ತಗಡುಗಳೇ ಶಿಮ್ಮುಗಳು. ಎಡದವನ್ನು ಒಂದು ಪೊಟ್ಟಣದಲ್ಲಿ, ಬಲದವನ್ನು ಇನ್ನೊಂದರಲ್ಲಿ, ಪಿನಿಯನ್‌ನವನ್ನು ಮೂರನೆಯದರಲ್ಲಿ ಕಟ್ಟಿ ಹೆಸರು ಬರೆದಿಡಬೇಕು. ಎಲ್ಲವನ್ನೂ ಒಂದೇ ಸೀಮೆಎಣ್ಣೆ ಡಬ್ಬಿಗೆ ಹಾಕುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಅಂತಹ ಕಡೆ ಕೆಲಸ ಕೊಡದಿರುವುದೇ ಲೇಸು.

ಕ್ರೌನ್ ವೀಲು ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿ ತಯಾರಾದವು. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆದಿರುತ್ತದೆ. ಒಂದು ಅಂಗಡಿಯ ಕ್ರೌನ್ ವೀಲು, ಇನ್ನೊಂದು ಅಂಗಡಿಯ ಪಿನಿಯನ್ ತಂದು ಸೇರಿಸಿದರೆ ಹಲ್ಲಿನ ಲೆಕ್ಕ ಸರಿಯಿದ್ದರೂ ಅವು ಊಳಿಡುತ್ತವೆ, ಬೇಗನೆ ಸವೆಯುತ್ತವೆ. ಪಿನಿಯನ್‌ನ ತಲೆಯ ಮೇಲೆ ಅಧಿಕ ಅಥವಾ ಋಣ ಚಿಹ್ನೆಯ ಜೊತೆ ಇನ್ನೊಂದು ಚಿಕ್ಕ ಅಂಕಿ ಇರುತ್ತದೆ. ಅದು ಅಂಗುಲದ ಸಾವಿರದ ಪಾಲುಗಳಲ್ಲಿ, ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಥೌ' ಲೆಕ್ಕದಲ್ಲಿ, ಪಿನಿಯನ್ ಕೂರಬೇಕಾದ ಆಳದ ವ್ಯತ್ಯಾಸ. ಹಳೆಯ ಪಿನಿಯನ್ ಮೇಲೆ +2, ಹೊಸದರ ಮೇಲೆ −1 ಇದ್ದರೆ ಆಳದ ಶಿಮ್ಮಿಗೆ 3 ಥೌ, ಅಂದರೆ ಸುಮಾರು 0.08 ಮಿಲಿಮೀಟರ್ ಹೆಚ್ಚು ಸೇರಿಸಿ ಆರಂಭಿಸಬೇಕು. ಈ ಅಂಕಿಯನ್ನು ನೋಡದೆ ಹಳೆಯ ಶಿಮ್ಮನ್ನೇ ಹಾಕಿ ಮುಗಿಸುವುದು ಬಹಳ ಗ್ಯಾರೇಜುಗಳಲ್ಲಿ ನಡೆಯುವ ತಪ್ಪು.

ಹೊಂದಿಸಬೇಕಾದ ಅಳತೆಗಳು ಮೂರು. ಮೊದಲನೆಯದು ಪಿನಿಯನ್‌ನ ಆಳ. ಎರಡನೆಯದು ಪಿನಿಯನ್ ಬೇರಿಂಗುಗಳ ಬಿಗಿ. ಇದನ್ನು ಪಿನಿಯನ್‌ಗೆ ದಾರ ಸುತ್ತಿ ಚಿಕ್ಕ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುತ್ತಾರೆ. ಮೆಣಸಿನ ಮೂಟೆ ತೂಗುವ ತಕ್ಕಡಿ ಇದಕ್ಕೆ ಆಗುವುದಿಲ್ಲ. ಜೀಪಿನಲ್ಲಿ ಈ ಬಿಗಿಯೂ ಶಿಮ್ಮಿನಿಂದಲೇ. ಸುಜುಕಿಯ ತುಂಡನ್ನು ಬಿಚ್ಚಿ ಬೇರಿಂಗ್ ಬದಲಿಸಿದರೆ ಅದರೊಳಗಿನ ಕುಗ್ಗುವ ಕೊಳವೆಯನ್ನು ಹೊಸದಾಗಿಯೇ ಹಾಕಬೇಕು, ಒಮ್ಮೆ ಕುಗ್ಗಿದ್ದು ಮತ್ತೆ ಕೆಲಸಕ್ಕೆ ಬಾರದು. ಮೂರನೆಯದು ಹಲ್ಲುಗಳ ನಡುವಿನ ಸಡಿಲು. ಪಿನಿಯನ್ ಅಲುಗದಂತೆ ಹಿಡಿದು ಕ್ರೌನ್ ವೀಲಿನ ಹಲ್ಲಿಗೆ ಡಯಲ್ ಗೇಜು ತಾಗಿಸಿ ಆಡಿಸಿ ನೋಡಿದರೆ ಈ ಅಳತೆ ಸಿಕ್ಕುತ್ತದೆ. ಇಂತಹ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 0.10ರಿಂದ 0.25 ಮಿಲಿಮೀಟರ್ ಒಳಗೆ ಇರುತ್ತದೆ. ಆದರೆ ಆಯಾ ವಾಹನದ ಕೈಪಿಡಿಯ ಅಂಕಿಯನ್ನೇ ಪಾಲಿಸಬೇಕು. ಡಯಲ್ ಗೇಜು ಇಲ್ಲದೆ ಕೈಯ ಅಂದಾಜಿನಲ್ಲಿ ಇದನ್ನು ಹೇಳಲಾಗದು, ಹೇಳುತ್ತೇನೆಂಬ ಮೇಸ್ತ್ರಿಯನ್ನು ನಂಬಬಾರದು.

ಬಣ್ಣದ ಪರೀಕ್ಷೆ

ಅಳತೆ ಮುಗಿದ ಮೇಲೆ ಕ್ರೌನ್ ವೀಲಿನ ನಾಲ್ಕೈದು ಹಲ್ಲುಗಳಿಗೆ ಗುರುತಿನ ಬಣ್ಣವನ್ನು ತೆಳುವಾಗಿ ಸವರಿ, ಚಕ್ರವನ್ನು ಸ್ವಲ್ಪ ತಡೆಹಿಡಿದು ಪಿನಿಯನ್ ತಿರುಗಿಸಬೇಕು. ಹಲ್ಲುಗಳು ಎಲ್ಲಿ ತಾಗುತ್ತವೆಯೋ ಅಲ್ಲಿ ಬಣ್ಣ ಅಳಿಸಿ ಮಚ್ಚೆ ಮೂಡುತ್ತದೆ. ಮಚ್ಚೆ ಹಲ್ಲಿನ ಎತ್ತರದ ನಡುವಿನಲ್ಲಿ ಇರಬೇಕು. ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗೆ ಕೂತಿದೆ; ತುದಿಗೆ ಏರಿದ್ದರೆ ಸಾಕಷ್ಟು ಒಳಗೆ ಬಂದಿಲ್ಲ. ಉದ್ದಕ್ಕೆ ನೋಡುವಾಗ ಮಚ್ಚೆ ಕ್ರೌನ್ ವೀಲಿನ ಒಳಬದಿಯ ಕಿರಿದಾದ ತುದಿಗೆ ಪೂರ್ತಿ ಸರಿದಿದ್ದರೆ ಸಡಿಲು ಕಡಿಮೆಯಾಗಿದೆ; ಹೊರಬದಿಯ ಅಗಲ ತುದಿಗೆ ಸರಿದಿದ್ದರೆ ಸಡಿಲು ಹೆಚ್ಚಾಗಿದೆ. ಭಾರ ಬಿದ್ದಾಗ ಮಚ್ಚೆ ಹೊರಕ್ಕೆ ಸರಿಯುವುದರಿಂದ ಪರೀಕ್ಷೆಯಲ್ಲಿ ನಡುವಿನಿಂದ ತುಸು ಒಳಗಿದ್ದರೆ ತೊಂದರೆಯಿಲ್ಲ. ಸರಿಬರುವವರೆಗೆ ಮೂರು ನಾಲ್ಕು ಸಲ ಬಿಚ್ಚಿ ಕೂರಿಸಬೇಕಾಗಬಹುದು, ಇದರಲ್ಲಿ ಬೇಸರಪಡುವಂತಿಲ್ಲ. ವಾಹನದ ಯಜಮಾನ ಬೇರೇನೂ ನೋಡದಿದ್ದರೂ ಮುಚ್ಚಳ ಹಾಕುವ ಮೊದಲು ಈ ಮಚ್ಚೆಯನ್ನು ಮಾತ್ರ ತೋರಿಸುವಂತೆ ಕೇಳಬೇಕು. ಹಿಂದೆ ಇದಕ್ಕೆ ಕೆಂಪು ಸೀಸದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಸುತ್ತಿದ್ದರು. ಅದು ವಿಷ. ಈಗ ಸಿಕ್ಕುವ ಸೀಸವಿಲ್ಲದ ಗುರುತಿನ ಬಣ್ಣವೇ ಸಾಕು.

ಎಣ್ಣೆ ಮತ್ತು ನೀರು

ಈ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ. ಆದುದರಿಂದ ಹೈಪಾಯ್ಡ್ ಗೇರಿಗೆಂದೇ ತಯಾರಾದ, ಹೆಚ್ಚು ಒತ್ತಡ ತಡೆಯುವ ಇಪಿ 90 ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಎಂಜಿನ್‌ನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಸುರಿಯುವುದು ಹೊಸ ಸೆಟ್ಟನ್ನು ಕೈಯಾರೆ ಕೆಡಿಸಿದಂತೆ.

ಆಕ್ಸಲ್‌ನ ಮೇಲಿರುವ ಉಸಿರಾಟದ ಚಿಕ್ಕ ಕವಾಟವನ್ನು ಇದೇ ಸಮಯದಲ್ಲಿ ಸ್ವಚ್ಛ ಮಾಡಬೇಕು. ಅದು ಮಣ್ಣಿನಿಂದ ಮುಚ್ಚಿದ್ದರೆ, ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಹೀರುತ್ತದೆ. ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವವರು ಆಗಾಗ್ಗೆ ಪ್ಲಗ್ಗು ಬಿಚ್ಚಿ ಬೆರಳದ್ದಿ ನೋಡಿದರೆ ಸಾಕು.

ಜೋಡಣೆಯ ನಂತರ

ಎರಡೂ ಆಕ್ಸಲ್‌ಗಳು ಮುಗಿದ ಮೇಲೆ 20 ಸುತ್ತಿನ ಎಣಿಕೆಯನ್ನು ಮತ್ತೆ ಹಿಂದೆಯೂ ಮುಂದೆಯೂ ಮಾಡಬೇಕು. ನಾಲ್ಕೂ ಟೈರುಗಳು ಒಂದೇ ಅಳತೆಯವು, ಒಂದೇ ಮಟ್ಟಿಗೆ ಸವೆದವು ಆಗಿರಬೇಕು. ಹಿಂದೆ ಹೊಸ 7.00-16, ಮುಂದೆ ಸವೆದ 6.00-16 ಹಾಕಿದರೆ ಗೇರಿನ ಲೆಕ್ಕ ಸರಿಪಡಿಸಿದ್ದು ವ್ಯರ್ಥ. ನಂತರ ಸಡಿಲ ಮಣ್ಣಿನ ನೇರ ದಾರಿಯಲ್ಲಿ ನಾಲ್ಕು ಚಕ್ರದ ಚಾಲನೆಯಲ್ಲಿ ನೂರು ಗಜ ಓಡಿಸಿ ಲಿವರ್ ಹಿಂದಕ್ಕೆ ಎಳೆದರೆ ಅದು ಸಲೀಸಾಗಿ ಬರಬೇಕು.

ಮೊದಲ ಸಲ 15–20 ನಿಮಿಷ ನಿಧಾನವಾಗಿ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ ತಣಿಸಬೇಕು. ಹೊಸ ಹಲ್ಲುಗಳು ಹೊಂದಿಕೊಳ್ಳುವವರೆಗೆ ಬಹಳ ಬಿಸಿಯಾಗುತ್ತವೆ. ಮೊದಲ 800 ಕಿಲೋಮೀಟರ್‌ವರೆಗೆ ಟ್ರೈಲರ್ ಎಳೆಯುವುದು, ಪೂರ್ತಿ ಭಾರ ಹೇರುವುದು ಬೇಡ. ಆದುದರಿಂದ ಕೊಯ್ಲಿನ ನಡುವೆ ಈ ಕೆಲಸ ಇಟ್ಟುಕೊಳ್ಳದೆ, ಕೊಯ್ಲು ಮುಗಿದು ಮಳೆ ಹಿಡಿಯುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಮುಗಿಸಿಕೊಳ್ಳುವುದು ಅನುಕೂಲ. 800 ಕಿಲೋಮೀಟರ್ ಆದೊಡನೆ ಎಣ್ಣೆ ಇಳಿಸಿ ನೋಡಬೇಕು. ನುಣ್ಣನೆಯ ಬೂದು ಪುಡಿ ಬಂದರೆ ಸಹಜ, ಚೂರು ಬಂದರೆ ಮುಚ್ಚಳ ಮತ್ತೆ ತೆಗೆಯಬೇಕು.

ಸ್ಪೀಡೋಮೀಟರಿನ ತಂತಿ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಅದಕ್ಕೆ ಡಿಫರೆನ್ಷಿಯಲ್‌ನ ಬದಲಾವಣೆ ತಿಳಿಯದು. 5.375 ಹೋಗಿ 4.875 ಬಂದಿದ್ದರೆ ಮುಳ್ಳು 50 ತೋರಿಸುವಾಗ ವಾಹನ 55ರಲ್ಲಿ ಓಡುತ್ತಿರುತ್ತದೆ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ತೋರಿಸುತ್ತದೆ. ಎಣ್ಣೆ ಬದಲಿಸುವ ಅವಧಿ, ಡೀಸೆಲ್ ಖರ್ಚಿನ ಲೆಕ್ಕ ಇಡುವವರು ಇದನ್ನು ಸೇರಿಸಿಕೊಳ್ಳಬೇಕು. ಎರಡೂ ಹೌಸಿಂಗುಗಳ ಮೇಲೆ ಹೊಸ ಹಲ್ಲಿನ ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದು, ವಾಹನದ ಕಾಗದಗಳ ಜೊತೆ ಒಂದು ಚೀಟಿಯನ್ನೂ ಇಟ್ಟರೆ ಮುಂದೆ ಆ ಜೀಪನ್ನು ಕೊಳ್ಳುವವರು ಮತ್ತೆ ಜಾಕು ಎತ್ತಿ ಎಣಿಸಬೇಕಾಗಿಲ್ಲ.